ನೀರೊಳಗಿನ ಕೋಟೆಗೆ ಸೈಕಲ್ ದಾರಿ

ಕೊಳತ್ತೂರಿನಿಂದ ಉತ್ತರಕ್ಕೆ ಹೊರಡುವ ರಸ್ತೆಯನ್ನು ಬಿಡದೆ ಹಿಡಿದು ಹೋದರೆ ಕೊನೆಗೆ ಮೈಸೂರು ಸಿಗುತ್ತದೆ. ಗೋವಿಂದಪಾಡಿ, ಪಾಲಾರು, ಮಲೆಯ ಮಹದೇಶ್ವರ ಬೆಟ್ಟ, ಹನೂರು, ಕೊಳ್ಳೇಗಾಲ ಎಂದು ಊರುಗಳನ್ನು ಎಣಿಸುತ್ತ ಹೋಗಬಹುದು. ಶಿವರಾತ್ರಿ, ಯುಗಾದಿ, ದೀಪಾವಳಿಗಳ ಸಮಯದಲ್ಲಿ ಮಾದಪ್ಪನ ಒಕ್ಕಲು ಈ ದಾರಿಯಲ್ಲಿ ಬರಿಗಾಲಲ್ಲಿ ನಡೆದು ಹೋಗುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿದ್ದಾರೆ. ಕೆಲವರು ತಾವೇ ನಡೆದಿದ್ದಾರೆ. ಸೇಲಂ ಕಡೆಯ ತಮಿಳು ಭಕ್ತರಿಗೆ ಅವನು ಮಾದೇಶ್ವರನ್, ನಮಗೆ ಮಾದಪ್ಪ. ನಡೆಯುವ ದಾರಿ ಮಾತ್ರ ಒಂದೇ.

ಈ ದಾರಿಯಲ್ಲಿ ನಾವು ಸೈಕಲ್ಲಿನಲ್ಲಿ ಹೊರಟದ್ದು ದೇವರಿಗಾಗಿ ಅಲ್ಲ, ಒಂದು ಕೋಟೆಗಾಗಿ. ಮಗಳಿಗೆ ಶಾಲೆಯಲ್ಲಿ ಸ್ಥಳೀಯ ಇತಿಹಾಸದ ಯೋಜನೆಯೊಂದನ್ನು ಕೊಟ್ಟಿದ್ದರು: ನಿಮ್ಮ ಊರಿನ ಸಮೀಪದ ಕೋಟೆಯೊಂದನ್ನು ನೋಡಿ, ಅದರ ಚಿತ್ರವನ್ನು ಅಂಟಿಸಿ, ಎರಡು ಪುಟ ಬರೆಯಿರಿ. ಹೆಚ್ಚಿನ ಮಕ್ಕಳು ಸಂಕಗಿರಿಯನ್ನು ಆರಿಸಿಕೊಂಡರು. ಸಂಕಗಿರಿ ದುರ್ಗ ನೋಡತಕ್ಕದ್ದೇ. ಒಂದರ ಹಿಂದೊಂದು ಬಾಗಿಲುಗಳನ್ನು ದಾಟುತ್ತ ಬೆಟ್ಟ ಹತ್ತಬೇಕು. ಧೀರನ್ ಚಿನ್ನಮಲೈಯನ್ನು 1805ರಲ್ಲಿ ಗಲ್ಲಿಗೇರಿಸಿದ ಸ್ಥಳವೂ ಅದೇ. ಆದರೆ ನಮ್ಮ ಹುಡುಗಿ ಎಲ್ಲಿಯೋ ಕಾವೇರಿಪುರದ ಹೆಸರನ್ನು ಓದಿದ್ದಳು. ಮನೆಯಿಂದ ಸೈಕಲ್ಲಿನಲ್ಲಿ ಹೋಗಿಬರುವಷ್ಟು ಹತ್ತಿರದ ಕೋಟೆಯನ್ನು ಬಿಟ್ಟು ಸಂಕಗಿರಿಗೆ ಬಸ್ಸು ಹತ್ತುವುದೇಕೆ ಎಂಬುದು ಅವಳ ವಾದ. ಕೋಟೆ ಈಗ ನೀರಿನಡಿಯಲ್ಲಿದೆ ಎಂದು ನಾನು ಹೇಳಿದೆ. ಹಾಗಾದರೆ ನೀರು ಇಳಿದಾಗ ಹೋಗೋಣ ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಫ್ರಾನ್ಸ್ ದೇಶದ ಲುವಾರ್ ನದಿಯ ಗುಂಟ ಸುಮಾರು 900 ಕಿ.ಮೀ. ಉದ್ದದ ಸೈಕಲ್ ದಾರಿಯೊಂದಿದೆ. ಸವಾರರು ಮಟ್ಟಸವಾದ ಹಾದಿಯಲ್ಲಿ, ಮರಗಳ ನೆರಳಿನಲ್ಲಿ, ಒಂದು ಅರಮನೆಕೋಟೆಯಿಂದ ಮತ್ತೊಂದಕ್ಕೆ ನಿಧಾನವಾಗಿ ಸಾಗುತ್ತಾರಂತೆ. ನಮ್ಮಲ್ಲಿಯೂ ನದಿಯಿದೆ, ಕಾಡಿದೆ, ಕೋಟೆಯ ಹೆಸರೂ ಇದೆ. ಇಲ್ಲದಿರುವುದು ಗೇರಿನ ಸೈಕಲ್ಲು ಮತ್ತು ಕಣ್ಣಿಗೆ ಕಾಣುವ ಕೋಟೆ. ಅವಳದು ಹನ್ನೊಂದನೆಯ ತರಗತಿಯವರಿಗೆ ತಮಿಳುನಾಡು ಸರ್ಕಾರ ಉಚಿತವಾಗಿ ಕೊಡುವ ಸೈಕಲ್ಲು. ನನ್ನದು ಅದಕ್ಕಿಂತ ಹಳೆಯದು. ಬೆಟ್ಟ ಹತ್ತುವ ಉದ್ದೇಶವಿಲ್ಲದವರಿಗೆ ಇವೆರಡೂ ಧಾರಾಳವಾಗಿ ಸಾಕು.

ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟೆವು. ಎಡಗಡೆಗೆ ಪಾಲಮಲೆ. ಅದರ ನೆತ್ತಿಯ ಮೇಲೆ ಸಿದ್ಧೇಶ್ವರನ ಗುಡಿ. ಬಿಸಿಲೇರುವ ತನಕ ಸವಾರಿ ಹಿತವಾಗಿರುತ್ತದೆ. ಎಂಟು ಗಂಟೆಯ ಮೇಲೆ ಬಿಸಿಲು ಯಾರನ್ನೂ ಕೇಳುವುದಿಲ್ಲ. ಹೆದ್ದಾರಿಯನ್ನು ಬಿಟ್ಟು ಹೊಲಗಳ ನಡುವಿನ ಬಂಡಿದಾರಿಗೆ ಇಳಿದರೆ ಬೇವು, ಹುಣಸೆ, ಅಲ್ಲಲ್ಲಿ ತೆಂಗು. ಏರು ಇಳಿತ ಹೆಚ್ಚಿಲ್ಲ. ತೊಂದರೆಯೆಂದರೆ ಜಾಲಿಯ ಮುಳ್ಳು. ನಾವು ಬಳ್ಳಾರಿ ಜಾಲಿ ಎನ್ನುವ, ಇಲ್ಲಿಯವರು ಸೀಮೈ ಕರುವೇಲಂ ಎನ್ನುವ ಆ ಪರದೇಶದ ಗಿಡಕ್ಕೆ ಟ್ಯೂಬಿನ ಮೇಲೆ ವಿಶೇಷ ದ್ವೇಷ. ಮೊದಲ ಗಂಟೆಯೊಳಗೆ ಎರಡು ಸಲ ಪಂಚರ್ ಆಯಿತು.

ಟ್ಯೂಬಿಗೆ ತೇಪೆ ಅಂಟುವ ತನಕ ಮಾಡಲು ಬೇರೆ ಕೆಲಸವಿರಲಿಲ್ಲವಾದುದರಿಂದ ಊರುಗಳ ಹೆಸರನ್ನು ಬಿಡಿಸುತ್ತ ಕುಳಿತೆವು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುತ್ತದೆ ಎಂದು ವ್ಯಾಕರಣದ ಪಾಠದಲ್ಲಿ ಮಕ್ಕಳು ಕಲಿಯುತ್ತಾರೆ: ಪಾಲ್ ಎಂಬುದು ಹಾಲು, ಪಳ್ಳಿ ಎಂಬುದು ಹಳ್ಳಿ. ಪರೀಕ್ಷೆಗೆ ಬರೆದು ಮರೆಯುವ ಸಂಗತಿ ಅದು. ಇಲ್ಲಿ ಅದು ಕೈಕಂಬದ ಮೇಲೆ ನಿಂತಿರುತ್ತದೆ. ಪಾಲಾರು ಎಂದರೆ ಹಾಲಿನ ಹೊಳೆ. ಗೋವಿಂದಪಾಡಿಯ ಪಾಡಿ ನಮ್ಮ ಕಾಡುಜನರ ಹಾಡಿಯೇ. ಎರಡು ಭಾಷೆಗಳು ನೆರೆಮನೆಯಲ್ಲಿದ್ದರೆ ಗೋಡೆ ಎಷ್ಟು ತೆಳುವಾಗಿರುತ್ತದೆ ಎಂಬುದನ್ನು ಗಡಿಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಕೋಟೆಯ ಕಥೆ. ತಾರಮಂಗಲದ ಕೈಲಾಸನಾಥ ದೇವಾಲಯವನ್ನು ನೋಡಿದವರಿಗೆ ಗಟ್ಟಿ ಮುದಲಿಗಳ ಹೆಸರು ಗೊತ್ತು. ಮಧುರೆಯ ನಾಯಕರ ಕಾಲದಲ್ಲಿ ಈ ಸೀಮೆಯನ್ನು ಆಳಿದ ಪಾಳೆಯಗಾರರು ಅವರು. ಕಾವೇರಿಪುರದ ಕೋಟೆ ಅವರದೇ. ಅದು ಅಲ್ಲಿ ಏಕಿತ್ತು ಎಂಬುದು ನೆಲವನ್ನು ನೋಡಿದರೆ ತಾನೇ ತಿಳಿಯುತ್ತದೆ: ಮೈಸೂರಿನ ಎತ್ತರದ ನಾಡಿನಿಂದ ಕೆಳಗಿನ ಬಯಲಿಗೆ ಇಳಿಯುವ ಕಣಿವೆಯ ಬಾಯಿ ಇದು. ಕಾವೇರಿಪುರದ ಘಾಟಿ ಎಂದೇ ಅದಕ್ಕೆ ಹೆಸರು. ಮೇಲಿನಿಂದ ಬರುವ ಸರಕಿಗೂ ಸೈನ್ಯಕ್ಕೂ ಈ ಬಾಗಿಲಲ್ಲಿ ಕೋಟೆ ಕಾವಲಿತ್ತು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಗಟ್ಟಿ ಮುದಲಿಯ ಮೇಲೆ ದಂಡೆತ್ತಿ ಬಂದರು; ಅವರ ನಂತರದ ಒಡೆಯರ ಕಾಲದಲ್ಲಿ ಈ ಸೀಮೆಯೆಲ್ಲ ಮೈಸೂರಿಗೆ ಸೇರಿತು. 1768ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವುಡ್ ಬಯಲಿನ ಕೋಟೆಗಳನ್ನು ಹಿಡಿಯುತ್ತ ಬಂದು ಇದನ್ನೂ ಹಿಡಿದ. ಹೈದರಾಲಿ ಸುಮ್ಮನಿರಲಿಲ್ಲ. ಅದೇ ವರ್ಷದ ಕೊನೆಗೆ ಅವನ ಸೈನ್ಯ ಘಟ್ಟಗಳಿಂದ ಇಳಿಯಿತು. ಕಾವೇರಿಪುರದಲ್ಲಿ ಕ್ಯಾಪ್ಟನ್ ಫೈಸನ್ ಎಂಬವನು ಸಣ್ಣ ಪಡೆಯೊಂದಿಗೆ ದಿಟ್ಟತನದಿಂದ ಕೋಟೆಯನ್ನು ಕಾದು, ಕೊನೆಗೆ ಶರಣಾದ. ಟಿಪ್ಪುವಿನ ಪತನಾನಂತರ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಕೊಳ್ಳೇಗಾಲದ ಕಡೆಯಿಂದ ಇದೇ ಘಾಟಿಯನ್ನು ಇಳಿದು ಬಂದ. ಬೆಳೆ, ತೆರಿಗೆ, ಮಣ್ಣು, ಜಾತಿ ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದ ಆತ ಈ ಕೋಟೆಯನ್ನು ಕಟ್ಟಿದವನು ಗಟ್ಟಿ ಮುದಲಿ ಎಂದು ಜನ ಹೇಳಿದ್ದನ್ನು ದಾಖಲಿಸಿದ್ದಾನೆ. ನಾವು ಸೈಕಲ್ಲಿನಲ್ಲಿ ತುಳಿದದ್ದು ಆತ ಬಂದ ದಿಕ್ಕಿಗೆ ಎದುರಾಗಿ.

ಇಷ್ಟೆಲ್ಲ ದಂಡಯಾತ್ರೆಗಳ ನಂತರವೂ ಉಳಿದಿದ್ದ ಕೋಟೆ ಒಂದು ಒಪ್ಪಂದಕ್ಕೆ ಸೋತಿತು. 1924ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಕಾವೇರಿಯ ಒಪ್ಪಂದವಾಯಿತು. ಮೇಲೆ ಕೃಷ್ಣರಾಜಸಾಗರ, ಕೆಳಗೆ ಮೆಟ್ಟೂರು. ಮೇಲಿನದರ ಕಥೆ ನಮಗೆಲ್ಲ ಬಾಯಿಪಾಠ. ಕೆಳಗಿನದರ ನೀರನ್ನೇ ಕುಡಿಯುವ ನಮ್ಮ ಮಕ್ಕಳಿಗೆ ಅದರ ಕಥೆಯನ್ನು ಹೇಳುವವರು ಕಡಿಮೆ. 1925ರಲ್ಲಿ ಕೆಲಸ ಆರಂಭವಾಗಿ 1934ರಲ್ಲಿ ಮುಗಿಯಿತು. ಅಂದಿನ ಮದರಾಸು ಗವರ್ನರನ ಹೆಸರಿನಿಂದ ಸ್ಟಾನ್ಲಿ ಜಲಾಶಯವೆಂದು ಕರೆದರು. ತುಂಬಿದ ಮಟ್ಟ 120 ಅಡಿ, ಹಿಡಿಯುವ ನೀರು 93.47 ಟಿಎಂಸಿ, ನೀರು ಹರಡುವ ವಿಸ್ತಾರ ಸುಮಾರು 153 ಚದರ ಕಿ.ಮೀ. ಈ ಅಂಕಿಗಳನ್ನು ಓದುವಾಗ ತಂಜಾವೂರಿನ ಹಸಿರು ಗದ್ದೆಗಳು ಕಣ್ಣಿಗೆ ಬರುವುದು ಸಹಜ, ಬರಬೇಕಾದದ್ದೂ ಹೌದು. ಆದರೆ ಆ ವಿಸ್ತಾರದೊಳಗೆ ಹೊಲಗಳಿದ್ದವು, ಬಾವಿಗಳಿದ್ದವು, ಗುಡಿಗಳಿದ್ದವು, ಒಂದು ಚರ್ಚೂ ಇತ್ತು. ಊರುಗಳು ಎದ್ದು ದಡಕ್ಕೆ ಬಂದವು. ಇಂದಿನ ಕಾವೇರಿಪುರ ಹೀಗೆ ದಡದ ಮೇಲೆ ಉಳಿದ ಹೆಸರು. ಹತ್ತಿರದಲ್ಲೇ ಕೋಟ್ಟೈಯೂರು ಎಂಬ ಹಳ್ಳಿಯಿದೆ; ಕೋಟೆಯೂರು ಎಂದರೆ ಮುಗಿಯಿತು, ಅನುವಾದವೇ ಬೇಡ.

ಆ ದಿನ ನೀರು ಎಪ್ಪತ್ತು ಅಡಿಗಿಂತಲೂ ಕೆಳಗೆ ಇಳಿದಿತ್ತು. ಸೈಕಲ್ ಸವಾರಿಯ ನಿಜವಾದ ಸಂತೋಷ ಸಿಕ್ಕಿದ್ದು ಅಲ್ಲಿಂದ ಮುಂದೆ. ಜಲಾಶಯದ ಒಡಲು ಒಣಗಿ, ಬಿರುಕು ಬಿಟ್ಟು, ದನಕರುಗಳ ಕಾಲುದಾರಿಗಳಿಂದ ಗೀರಿಕೊಂಡಿರುತ್ತದೆ. ಗಟ್ಟಿಯಾದ ಕಡೆ ಚಕ್ರ ತಾನಾಗಿಯೇ ಓಡುತ್ತದೆ. ನೀರು ಇಳಿದ ನೆಲದಲ್ಲಿ ರೈತರು ಎಳ್ಳು, ಜೋಳ, ಕಡಲೆಕಾಯಿ ಬೆಳೆಯುತ್ತಾರೆ. ಅವರ ಬೆಳೆಯನ್ನು ತುಳಿಯದಂತೆ ಬದುವಿನ ಮೇಲೇ ಸಾಗಬೇಕು. ನೀರಂಚಿನ ಕೆಸರು ಮಾತ್ರ ಮೋಸದ್ದು. ಮೇಲೆ ಒಣಗಿದಂತೆ ಕಂಡು ಒಳಗೆ ಮೊಣಕಾಲಿನ ತನಕ ಹೂತುಕೊಳ್ಳುತ್ತದೆ. ಮಕ್ಕಳನ್ನು ಕರೆದೊಯ್ಯುವವರು ಇದನ್ನು ಮರೆಯಬಾರದು.

ಪಣ್ಣವಾಡಿಯ ಬಳಿ ಚರ್ಚಿನ ಗೋಪುರ ನೀರಿನಿಂದ ಹೊರಗೆ ಬಂದು ಒಣನೆಲದ ಮೇಲೆ ನಿಂತಿತ್ತು. ಜಲಕಂಠೇಶ್ವರನ ನಂದಿಯೂ ಮೈಕಾಯಿಸಿಕೊಳ್ಳುತ್ತಿತ್ತು. ವರ್ಷದಲ್ಲಿ ಹೆಚ್ಚು ಕಾಲ ಮೀನುಗಳೊಂದಿಗೆ ಇರುವ ನಂದಿ. ಅದರ ಬೆನ್ನ ಮೇಲೆ ಹತ್ತಿ ಪಟ ತೆಗೆಸಿಕೊಳ್ಳುತ್ತಿದ್ದ ಹುಡುಗರಿಗೆ ಬೈಯುವ ಮನಸ್ಸಾಯಿತು, ಬೈಯಲಿಲ್ಲ. ಮಗಳು ಇವೆರಡನ್ನೂ ನೋಡಿ, ಇವು ಗುಡಿ ಮತ್ತು ಚರ್ಚು, ಕೋಟೆ ಎಲ್ಲಿ ಎಂದು ಕೇಳಿದಳು. ಮುಂದೆ ಕಾವೇರಿಪುರದ ಕಡೆ ಒಂದು ಗಂಟೆ ಅಲೆದೆವು. ಕಲ್ಲುಗಳಿದ್ದವು, ಇಟ್ಟಿಗೆಯ ಚೂರುಗಳಿದ್ದವು. ಇಂಥದ್ದೇ ಕೋಟೆಯ ಗೋಡೆ ಎಂದು ಬೆರಳಿಟ್ಟು ತೋರಿಸುವಂಥದು ನಮ್ಮ ಕಣ್ಣಿಗೆ ಬೀಳಲಿಲ್ಲ.

ತೆಪ್ಪದ ಕಡವಿನಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಬಲೆಯನ್ನು ಸರಿಪಡಿಸುತ್ತ ಕುಳಿತಿದ್ದರು. ತಮಿಳಿನಲ್ಲಿ ಕೋಟೆಯ ಬಗ್ಗೆ ವಿಚಾರಿಸಿದೆವು. ನಾವಿಬ್ಬರು ನಮ್ಮೊಳಗೆ ಆಡಿದ ಮಾತು ಕಿವಿಗೆ ಬಿದ್ದೊಡನೆ ಅವರು ಕನ್ನಡಕ್ಕೆ ತಿರುಗಿದರು. ಎಂಥ ಕನ್ನಡ! ಶಾಲೆಯ ಪುಸ್ತಕದಲ್ಲಿಲ್ಲದ, ಬೆಂಗಳೂರಿನ ದೂರದರ್ಶನದಲ್ಲಿಯೂ ಕೇಳದ, ಅರ್ಧ ಕೊಳ್ಳೇಗಾಲದ ಅರ್ಧ ನದಿಯ ಕನ್ನಡ. ಕೋಟೆಯಿದ್ದ ದಿಕ್ಕನ್ನು ನೀರಿನ ಕಡೆಗೆ ಕೈಚಾಚಿ ತೋರಿಸಿದರು. ಅವರೂ ನೋಡಿದವರಲ್ಲ, ತಂದೆ ನೋಡಿದ್ದರಂತೆ. ತಂದೆಯ ಎರಡು ಎಕರೆ ಹೊಲವೂ ಅದೇ ದಿಕ್ಕಿನಲ್ಲಿತ್ತಂತೆ. ಕೋಟೆಗಿಂತ ಹೊಲದ ವಿಷಯದಲ್ಲೇ ಅವರ ಮಾತು ಹೆಚ್ಚು ಹೊತ್ತು ನಿಂತಿತು. ಮೊಮ್ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಮರುಮಾತು ಆಡುವುದು ತಮಿಳಿನಲ್ಲಿ ಎಂದರು. ದೂರುವ ದನಿಯಿರಲಿಲ್ಲ.

ಹುಡುಗಿ ಕನ್ನಡ ಶಾಲೆಗೆ ಹೋಗುತ್ತಾಳೆಂದು ತಿಳಿದಾಗ ಅವರು ತಮ್ಮ ಹೆಸರನ್ನು ಹೇಳಿ, ಅದನ್ನು ಕನ್ನಡದಲ್ಲಿ ಬರೆದು ತೋರಿಸು ಎಂದರು. ಮತದಾರರ ಚೀಟಿಯಿಂದ ಹಿಡಿದು ಸಹಕಾರ ಸಂಘದ ಪುಸ್ತಕದವರೆಗೆ ಅವರು ಕಂಡಿದ್ದದ್ದು ತಮಿಳು ಅಕ್ಷರಗಳಲ್ಲಿ. ಅವಳು ನೋಟು ಪುಸ್ತಕದ ಹಾಳೆಯೊಂದನ್ನು ಹರಿದು ದಪ್ಪಕ್ಷರದಲ್ಲಿ ಬರೆದುಕೊಟ್ಟಳು. ಮಹದೇಶ್ವರನ ಹೆಸರೇ ಆದುದರಿಂದ ಒತ್ತಕ್ಷರ ಬಂತು. ಆ ಒತ್ತಿನ ಮೇಲೆ ಬೆರಳಿಟ್ಟು, ಇದೇನು ಕೆಳಗೆ ಜೋತುಬಿದ್ದಿದೆ ಎಂದು ಕೇಳಿದರು. ಮಗಳು ವಿವರಿಸಿದಳು. ಹಾಳೆಯನ್ನು ಮಡಿಸಿ ಬೀಡಿಯ ಕಟ್ಟಿನೊಂದಿಗೆ ಜೇಬಿಗೆ ಸೇರಿಸಿದರು.

ಪಾಲಾರಿನ ತನಕ ಹೋಗಬೇಕೆಂಬ ಆಸೆಯನ್ನು ಗೋವಿಂದಪಾಡಿಯಲ್ಲೇ ಬಿಟ್ಟೆವು. ಮುಂದಿನದು ಮೀಸಲು ಕಾಡು. ಆನೆಗಳ ಓಡಾಟವಿರುವ ರಸ್ತೆ. ಅದರಿಂದ ಕಾಡಿನೊಳಗಿನ ಹಾದಿಗಳಿಗೆ ಅನುಮತಿಯಿಲ್ಲದೆ ಇಳಿಯುವುದು ತಪ್ಪು, ಅಪಾಯವೂ ಹೌದು. ಒಂದು ಕಾಲದಲ್ಲಿ ಇಲ್ಲಿ ಸಂಜೆಯಾದರೆ ಜನ ಹೊರಗೆ ಬರುತ್ತಿರಲಿಲ್ಲ. 1993ರ ಪಾಲಾರು ಸ್ಫೋಟದ ನೆನಪು ಹಿರಿಯರಲ್ಲಿ ಇನ್ನೂ ಇದೆ. ಈಗ ಆ ಭಯವಿಲ್ಲ. ಆದರೂ ಸೈಕಲ್ಲಿನವರಿಗೆ ಬೆಳಗಿನ ಹೊತ್ತೇ ಸರಿ. ಹೋಗುವವರು ಜನವರಿಯಿಂದ ಮೇ ತಿಂಗಳೊಳಗೆ, ಪತ್ರಿಕೆಯಲ್ಲಿ ಅಣೆಕಟ್ಟಿನ ಮಟ್ಟವನ್ನು ನೋಡಿಕೊಂಡು ಹೊರಡಲಿ. ತೇಪೆಯ ಸಾಮಾನು, ಒಂದು ಪಂಪು, ತಲೆಗೆ ಎರಡು ಲೀಟರ್ ನೀರು ಜೊತೆಗಿರಲಿ.

ಯೋಜನೆಯ ಪುಸ್ತಕದಲ್ಲಿ ಚಿತ್ರವನ್ನು ಅಂಟಿಸಲು ಬಿಟ್ಟಿದ್ದ ಜಾಗದಲ್ಲಿ ಮಗಳು ನಕ್ಷೆಯೊಂದನ್ನು ಬರೆದಳು: ಪಾಲಮಲೆ, ರಸ್ತೆ, ನೀರಿನ ಅಂಚು, ನಂದಿ, ಕಡವು. ನೀರಿನೊಳಗೆ ಚುಕ್ಕೆಗಳಿಂದ ಒಂದು ಚೌಕ ಹಾಕಿ ಕಾವೇರಿಪುರದ ಕೋಟೆ ಎಂದು ಬರೆದಳು. ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಚೌಕವಿತ್ತು. ಇದೇನು ಎಂದು ಕೇಳಿದೆ. ಆ ತಾತನ ಹೊಲ ಎಂದಳು.