ಅಮಾನತ್

ಕಾರವಾರದಿಂದ ಕದ್ರಾ ದಾಟಿ ಘಟ್ಟ ಹತ್ತಿದರೆ ಅಣಶಿ. 1987ರಲ್ಲಿ ಇಲ್ಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿ ಅಭಯಾರಣ್ಯದೊಂದಿಗೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರನ್ನಿಟ್ಟರು. ಹೆಸರು ಎಷ್ಟು ಬದಲಾದರೂ ಅಲ್ಲಿಯ ಜನರ ಒಂದು ಚಿಂತೆ ಬದಲಾಗಲಿಲ್ಲ. ರಾತ್ರಿ ಹೊತ್ತು ಯಾರಿಗಾದರೂ ಎದೆನೋವೋ ಹೆರಿಗೆನೋವೋ ಕಾಣಿಸಿಕೊಂಡರೆ ಆಸ್ಪತ್ರೆ ದೂರ. ಅಂಥ ಕಡೆ ಕಾರು ಒಬ್ಬರ ಹೆಸರಿನಲ್ಲಿದ್ದರೂ ಅದು ನೆರೆಹೊರೆಗೆಲ್ಲ ಸೇರಿದ್ದು.

ನಮ್ಮ ಆಪಾ ಮದುವೆಯಾಗಿ ಹೋದದ್ದು ಅಣಶಿಗೆ. ದುಲ್ಹಾಭಾಯಿಗೆ ರಸ್ತೆ ಬದಿಯಲ್ಲಿ ಸಣ್ಣ ಕಿರಾಣಿ ಅಂಗಡಿ. ಅವರು ಕೊಂಡದ್ದು ಸೆಕೆಂಡ್ ಹ್ಯಾಂಡ್ ಕಾರು. ಅದರೊಳಗೆ ಹಳೆಯ ಮಾಲೀಕ ಹಾಕಿಸಿದ್ದ ಅಲಾರಂ. ಬಾಗಿಲು ತೆರೆದರೆ ಕೂಗುವುದಷ್ಟೇ ಅಲ್ಲ, ಎಂಜಿನ್ನನ್ನೂ ತಡೆಯುವಂಥದ್ದು. ಕೀಲಿಕೈ ಎರಡು ಬಂದವು, ರಿಮೋಟ್ ಮಾತ್ರ ಒಂದೇ. "ಇನ್ನೊಂದು ಎಲ್ಲೋ ಬಿದ್ದಿದೆ" ಎಂದಿದ್ದರಂತೆ ಮಾರಿದವರು. ಎಲ್ಲೋ ಬಿದ್ದಿದೆ ಎಂದರೆ ಯಾರದೋ ಕೈಯಲ್ಲಿದೆ ಎಂದೂ ಅರ್ಥವಲ್ಲವೇ ಎಂಬುದು ಆಪಾ ಅವರ ಪ್ರಶ್ನೆ.

ಆ ಪ್ರಶ್ನೆಗಿಂತ ಮೊದಲು ಬೇರೊಂದು ಕಷ್ಟ ಬಂತು. ದುಲ್ಹಾಭಾಯಿ ಹಳಿಯಾಳದ ಒಂದು ಮದುವೆಗೆ ಬಸ್ಸಿನಲ್ಲಿ ಹೋಗಿದ್ದರು. ರಾತ್ರಿ ನೆರೆಮನೆಯ ಕುಣಬಿ ಸೊಸೆಗೆ ಹೆರಿಗೆನೋವು. ಕಾರು ಅಂಗಳದಲ್ಲಿತ್ತು, ಕೀಲಿಕೈ ಆಪಾ ಬಳಿ ಇತ್ತು, ಓಡಿಸಲು ಆ ಮನೆಯ ಮೈದುನನೇ ಇದ್ದ. ರಿಮೋಟ್ ಮಾತ್ರ ಹಳಿಯಾಳದಲ್ಲಿ, ದುಲ್ಹಾಭಾಯಿಯ ಜೇಬಿನಲ್ಲಿ. ಬಾಗಿಲು ತೆಗೆದದ್ದೇ ತಡ, ಸೈರನ್ ಕಾಡೆಲ್ಲ ಕೇಳುವಂತೆ ಕೂಗಿತು. ಎಂಜಿನ್ ಮಾತ್ರ ಚಾಲೂ ಆಗಲಿಲ್ಲ. ಕೊನೆಗೆ ಯಾರದೋ ಜೀಪು ಸಿಕ್ಕಿತು. ತಾಯಿ ಮಗು ಸುಖವಾಗಿ ಮನೆಗೆ ಬಂದರು. ಕಳ್ಳನನ್ನು ತಡೆಯಲು ಹಾಕಿದ ಪೆಟ್ಟಿಗೆ ಆ ರಾತ್ರಿ ಬಸುರಿಯೊಬ್ಬಳನ್ನು ತಡೆದಿತ್ತು.

ಮರುವಾರ ಹೊಸ ರಿಮೋಟ್ ಮಾಡಿಸಲು ದುಲ್ಹಾಭಾಯಿಯೊಂದಿಗೆ ನಾವೂ ದಾಂಡೇಲಿಗೆ ಹೋದೆವು. ಮೆಕ್ಯಾನಿಕ್ ಕೇಳಿದ ಮೊದಲ ಮಾತು: "ಸಾಹೇಬ್ರೇ, ಹಳೇ ರಿಮೋಟ್ ಎಲ್ಲಾ ತಂದೀರೇನ್ರಿ?" ಹೊಸದು ಮಾಡುವಾಗ ಹಳೆಯದೇಕೆ? ಆತ ವಿವರಿಸಿದ. ಕೆಲವು ಪೆಟ್ಟಿಗೆಗಳು ಹೊಸ ರಿಮೋಟನ್ನು ಕಲಿಯಲು ಆರಂಭಿಸಿದೊಡನೆ ಹಳೆಯ ಎಲ್ಲವನ್ನೂ ಮರೆತುಬಿಡುತ್ತವೆ. ಆಗ ಹಾಜರಿದ್ದ ರಿಮೋಟಿಗೆ ಮಾತ್ರ ಮಾನ್ಯತೆ. ಇನ್ನು ಕೆಲವಕ್ಕೆ ನಾಲ್ಕು ರಿಮೋಟುಗಳನ್ನು ನೆನಪಿಡಲು ಜಾಗವಿರುತ್ತದೆ. ಐದನೆಯದು ಬಂದರೆ ಎಲ್ಲಕ್ಕಿಂತ ಹಳೆಯದು ಹೊರಗೆ. ಕಳೆದುಹೋದದ್ದನ್ನು ಓಡಿಸಬೇಕಾದರೆ ನಮ್ಮ ರಿಮೋಟನ್ನೇ ಮತ್ತೆ ಮತ್ತೆ ಕಲಿಸಿ ನಾಲ್ಕೂ ಜಾಗ ತುಂಬಿಸಬೇಕು. ನಮ್ಮದು ಎರಡನೆಯ ಜಾತಿಯದು.

ಕೆಲಸ ಹತ್ತು ನಿಮಿಷದ್ದು. ಕೀಲಿ ತಿರುಗಿಸಿ ಆನ್ ಮಾಡಿದ. ಸ್ಟಿಯರಿಂಗ್ ಕೆಳಗೆ ಬೆರಳಾಡಿಸಿ ಅಡಗಿದ್ದ ಒಂದು ಸಣ್ಣ ಗುಂಡಿಯನ್ನು ಹುಡುಕಿ ಒತ್ತಿದ. ಎಷ್ಟು ಸಲ ಒತ್ತಬೇಕೆಂಬುದು ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಸೈರನ್ ಒಮ್ಮೆ ಚಿಲಿಪಿಲಿಗುಟ್ಟಿತು. ಒಂದೊಂದೇ ರಿಮೋಟನ್ನು ಒತ್ತುತ್ತ ಹೋದ. ಪ್ರತಿ ಸಲವೂ ಕಾರು 'ಗುರುತು ಹಿಡಿದೆ' ಎಂಬಂತೆ ಸದ್ದು ಮಾಡಿತು. ಆ ಗುಂಡಿಯ ಜಾಗ ಗೊತ್ತಿದ್ದರೆ ಹೆರಿಗೆಯ ರಾತ್ರಿ ಅಲಾರಂ ಬಂದ್ ಮಾಡಬಹುದಿತ್ತು. ಕಾರು ಮಾರಿದವರು ಅದನ್ನು ಹೇಳಿರಲಿಲ್ಲ.

ಮಗು ಆಟಕ್ಕೆ ಒತ್ತಿದರೆ ರಿಮೋಟ್ ಕೆಡುತ್ತದೆಯೇ ಎಂದು ದುಲ್ಹಾಭಾಯಿ ಕೇಳಿದರು. ಇದರ ಹಿಂದೆ ಸೊಗಸಾದ ಲೆಕ್ಕವೊಂದಿದೆ. ರಿಮೋಟ್ ಪ್ರತಿ ಸಲವೂ ಬೇರೆ ಸಂಕೇತವನ್ನು ಕಳಿಸುತ್ತದೆ, ಕದ್ದು ಕೇಳಿದವನಿಗೆ ನಿನ್ನೆಯ ಸಂಕೇತ ಇಂದು ಉಪಯೋಗಕ್ಕೆ ಬಾರದಿರಲೆಂದು. ದಕ್ಷಿಣ ಆಫ್ರಿಕಾದಲ್ಲಿ 1980ರ ದಶಕದಲ್ಲಿ ಹುಟ್ಟಿದ ಕೀಲಾಕ್ ಎಂಬ ವಿಧಾನ ಇಂಥದ್ದು. ಅದರ ಎಣಿಕೆ 65,536ರವರೆಗೆ ಹೋಗುತ್ತದೆ. ಕಾರಿನಿಂದ ದೂರದಲ್ಲಿ ಹದಿನೈದು ಸಲ ಒತ್ತಿದರೂ ಕಾರು ಒಪ್ಪುತ್ತದೆ. ಅದಕ್ಕೂ ಹೆಚ್ಚಾದರೆ ಕಾರಿನ ಹತ್ತಿರ ನಿಂತು ಬೆನ್ನುಬೆನ್ನಿಗೆ ಎರಡು ಸಲ ಒತ್ತಬೇಕು, ಇಬ್ಬರ ಲೆಕ್ಕವೂ ಮತ್ತೆ ಸರಿಹೋಗುತ್ತದೆ. ಇಷ್ಟು ಜಾಣ ವಿಧಾನವನ್ನೂ 2007-08ರಲ್ಲಿ ಯುರೋಪು ಮತ್ತು ಇಸ್ರೇಲಿನ ಸಂಶೋಧಕರು ಭೇದಿಸಿ ತೋರಿಸಿದರು. ಒಡೆಯಲಾಗದ ಬೀಗವನ್ನು ಇನ್ನೂ ಯಾರೂ ಮಾಡಿಲ್ಲ.

ಈಗ ಕೈಯಲ್ಲಿ ಮೂರು ರಿಮೋಟುಗಳು. ಒಂದು ದುಲ್ಹಾಭಾಯಿಗೆ, ಒಂದು ಆಪಾಗೆ. ಮೂರನೆಯದು? ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿರಲಿ ಎಂದರು ದುಲ್ಹಾಭಾಯಿ. "ರಾತ್ರಿ ಅಂಗಡಿಗೇ ಬೀಗ ಇರುತ್ತದಲ್ಲ" ಎಂದರು ಆಪಾ, "ಅದು ಪಕ್ಕದ ಮನೆಯಲ್ಲಿರಲಿ." ನೆಂಟರಲ್ಲಿ ಒಬ್ಬಿಬ್ಬರು ಮುಖ ಗಂಟಿಕ್ಕಿದರು. ಊರವರನ್ನು ನಂಬಿ ಕಾರಿನ ರಿಮೋಟ್ ಕೊಡುತ್ತಾರೆಯೇ, ನಾಳೆ ಏನಾದರೂ ಆದರೆ? ಆಪಾ ಜಗಳವಾಡಲಿಲ್ಲ. "ಅಮಾನತ್ ಅಂತ ಕೊಡುತ್ತೇನೆ" ಎಂದರು.

ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತ ನಮಗೆ ಆ ಮಾತು ಎರಡು ಕಿವಿಗಳಲ್ಲಿ ಎರಡು ರೀತಿ ಕೇಳಿತು. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು, ಕೇಳಿದಾಗ ಹಾಗೆಯೇ ಮರಳಿಸಬೇಕಾದದ್ದು. ಅದೇ ಮಾತು ಕನ್ನಡದ ಕಚೇರಿಗಳಿಗೆ ಬಂದು ಅಮಾನತು ಆಗಿ, ನೌಕರನನ್ನು ಕೆಲಸದಿಂದ ದೂರವಿಡುವುದಕ್ಕೂ ಹೆಸರಾಯಿತು. ದಾಂಡೇಲಿಯ ಆ ಹತ್ತು ನಿಮಿಷಗಳಲ್ಲಿ ಎರಡೂ ನಡೆದಿದ್ದವು. ಯಾರದೋ ಕೈಯಲ್ಲಿದ್ದ ರಿಮೋಟ್ ಅಮಾನತಾಯಿತು. ಹೊಸದೊಂದು ಅಮಾನತ್ ಆಗಲು ತಯಾರಾಯಿತು.

ಯಂತ್ರ ಮಾಡುವುದು ಇಷ್ಟೇ. ಒತ್ತಿದ್ದು ಯಾವ ರಿಮೋಟ್ ಎಂದು ಅದಕ್ಕೆ ಗೊತ್ತು, ಯಾರ ಬೆರಳು ಎಂದು ಗೊತ್ತಿಲ್ಲ. ಬೆರಳನ್ನು ಆರಿಸುವ ಕೆಲಸ ಮನೆಯವರದೇ. ಕಳ್ಳನ ಭಯ ಸುಳ್ಳಲ್ಲ. ಆದರೆ ಕಾಡಿನ ನಡುವೆ ಬದುಕುವವರಿಗೆ ಅದಕ್ಕಿಂತ ದೊಡ್ಡ ಭಯ ಬೇರೆ ಇದೆ, ಕರೆದಾಗ ಕಾರು ಹೊರಡದಿರುವುದು.

ಮೂರನೆಯ ರಿಮೋಟ್ ಈಗ ಕುಣಬಿ ಮನೆಯ ಗೋಡೆಯಲ್ಲಿ, ಕತ್ತಿಯ ಪಕ್ಕದ ಮೊಳೆಗೆ ನೇತಾಡುತ್ತಿದೆ. ಆ ಹುಡುಗ ನಾಳೆ ಗೋವಾಕ್ಕೆ ದುಡಿಯಲು ಹೋದರೆ ಅದನ್ನು ಮರಳಿಸುತ್ತಾನೆ. ಆಗ ಯಾರ ಕೈಗೆ ಕೊಡಬೇಕೆಂದು ಆಪಾ ಈಗಲೇ ಯೋಚಿಸಿಟ್ಟಿದ್ದಾರೆ.