ಫ್ಯಾನಿಲ್ಲದ ಕಾರ್ಡು

2008ರ ಮಳೆಗಾಲದಲ್ಲಿ ಹೊಸಬಾಳೆಯ ನಮ್ಮ ಮನೆಗೆ ಅಂಚೆಯಲ್ಲಿ ಒಂದು ತೆಳ್ಳನೆಯ ಲಕೋಟೆ ಬಂತು. ಹೊರದೇಶದ ಮೊಹರು ನೋಡಿ ಅಂಚೆಯಣ್ಣ, "ನಿಮ್ಮವರು ಯಾರು ಫಾರಿನ್ನಲ್ಲಿರೋದು?" ಎಂದು ಕೇಳಿದ್ದ. ಒಳಗಿದ್ದದ್ದು ಉಬುಂಟು ಲಿನಕ್ಸ್ 8.04ರ ಸಿ.ಡಿ. ಕೇಳಿದವರಿಗೆಲ್ಲ ಆಗ ಪುಕ್ಕಟೆ ಕಳಿಸುತ್ತಿದ್ದರು; 2011ರಲ್ಲಿ ಆ ಏರ್ಪಾಡು ನಿಂತುಹೋಯಿತು. ಪಿಯುಸಿ ಮುಗಿಸಿ ಸೊರಬದ ಒಂದು ಕಂಪ್ಯೂಟರ್ ಅಂಗಡಿಗೆ ಕೆಲಸಕ್ಕೆ ಸೇರಿದ್ದ ನನಗೆ ಲಿನಕ್ಸ್ ಕಲಿಸಿದ್ದು ಆ ಸಿ.ಡಿ.ಯೇ.

ಪೆನ್‌ಡ್ರೈವ್‌ಗಳ ಮೂಲಕ ಊರೆಲ್ಲ ಹರಡುತ್ತಿದ್ದ ವೈರಸ್ಸಿಗೆ ಬೇಸತ್ತವರು ನಮ್ಮಲ್ಲಿ ಲಿನಕ್ಸ್ ಹಾಕಿಸಿಕೊಳ್ಳುತ್ತಿದ್ದರು. ಹಾಕಿಸಿಕೊಂಡ ಮರುದಿನವೇ ಮನೆಯ ಹುಡುಗ ಹಾಜರು: "ಅಣ್ಣಾ, ಗೇಮ್ ಆಗತ್ತಾ?" ಮದರ್‌ಬೋರ್ಡಿನಲ್ಲೇ ಇಂಟೆಲ್ ಗ್ರಾಫಿಕ್ಸ್ ಇದ್ದರೆ ಚಿಂತೆಯಿರಲಿಲ್ಲ. ಇಂಟೆಲ್ಲಿನ ಡ್ರೈವರು ತೆರೆದ ಆಕರದ್ದು, ಲಿನಕ್ಸಿನ ಜೊತೆಗೇ ಬರುತ್ತಿತ್ತು. ಸೂಪರ್‌ಟಕ್ಸ್‌ಕಾರ್ಟ್, ವೆಸ್ನೋತ್ ಹಾಕಿಕೊಟ್ಟರೆ ಹುಡುಗ ಕುಣಿಯುತ್ತ ಹೋಗುತ್ತಿದ್ದ. ಅದಕ್ಕಿಂತ ದೊಡ್ಡ ಆಟ ಬೇಕೆಂದವರಿಗೆ ಬೇರೆ ಗ್ರಾಫಿಕ್ಸ್ ಕಾರ್ಡು ಬೇಕು, ತೊಡಕು ಶುರುವಾಗುತ್ತಿದ್ದುದೂ ಅಲ್ಲೇ.

ಬಿಡಿಭಾಗ ತರಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದಾಗ ಸಿಗುತ್ತಿದ್ದ ಸಲಹೆ ಒಂದೇ: "ಲಿನಕ್ಸಾ? ಹಾಗಾದ್ರೆ ಎನ್‌ವಿಡಿಯಾ ತಗೊಂಡು ಹೋಗಿ." ಆ ಕಾಲಕ್ಕೆ ಅದು ಸರಿಯಾದ ಸಲಹೆಯೇ. ಲಿನಕ್ಸಿನಲ್ಲಿ ಆಟ ಆಡುವವರೆಲ್ಲ ಎನ್‌ವಿಡಿಯಾವನ್ನೇ ನೆಚ್ಚಿಕೊಂಡಿದ್ದರು. ಎಟಿಐ ಕಾರ್ಡಿನ ಎಫ್‌ಜಿಎಲ್‌ಆರ್‌ಎಕ್ಸ್ ಡ್ರೈವರಿಗೆ ಒಳ್ಳೆಯ ಹೆಸರಿರಲಿಲ್ಲ. ಎರಡೂ ಮುಚ್ಚಿದ ಡ್ರೈವರುಗಳೇ. ಆಕರ ಕಂಪನಿಯ ಕೈಯಲ್ಲಿ, ಸಿದ್ಧ ಫೈಲು ಮಾತ್ರ ನಮಗೆ.

ಮುಚ್ಚಿದ ಡ್ರೈವರು ಎಂದರೇನೆಂದು ನನಗೆ ತಿಳಿದದ್ದು 2010ರ ದೀಪಾವಳಿಯಲ್ಲಿ. ಪರಿಚಯದ ಹುಡುಗನೊಬ್ಬ ಅಡಿಕೆ ಸುಲಿದು ಕೂಡಿಟ್ಟ ದುಡ್ಡಿನಲ್ಲಿ ಕಾರ್ಡು ಕೊಂಡಿದ್ದ. ನಾನೇ ಕೂರಿಸಿ ಡ್ರೈವರು ಹಾಕಿಕೊಟ್ಟಿದ್ದೆ. ರಜೆಯಲ್ಲಿ ಅವನು ಎಲ್ಲವನ್ನೂ ಅಪ್‌ಡೇಟ್ ಮಾಡಿದ. ಲಿನಕ್ಸಿನ ತಿರುಳಾದ ಕರ್ನಲ್ ಹೊಸದಾಯಿತು, ಹಳೆಯ ಕರ್ನಲ್ಲಿಗೆ ಹೊಂದಿಸಿದ್ದ ಡ್ರೈವರು ಅದಕ್ಕೆ ಕೂಡಲಿಲ್ಲ. ಪರದೆ ಕಪ್ಪಾಯಿತು, ಮೂಲೆಯಲ್ಲೊಂದು ಗೆರೆ ಮಿಣಮಿಣ ಎನ್ನುತ್ತಿತ್ತು. ಡ್ರೈವರನ್ನು ಮತ್ತೆ ಕಟ್ಟಬೇಕೆಂದರೆ ಹೊಸ ಕರ್ನಲ್ಲಿನ ಹೆಡರ್ ಫೈಲುಗಳು ಬೇಕು. ಊರಿನಲ್ಲಿ ಇಂಟರ್ನೆಟ್ ಎಂದರೆ ಮೊಬೈಲಿನ 2ಜಿ. ಬಸ್ಸು ಹತ್ತಿ ಸೊರಬದ ಸೈಬರ್‌ಗೆ ಹೋಗಿ ಪೆನ್‌ಡ್ರೈವ್‌ನಲ್ಲಿ ತುಂಬಿಕೊಂಡು ಬಂದೆ. ಹಾಕಲು ಕೂತರೆ ಇನ್ನೊಂದು ಪ್ಯಾಕೇಜು ಬೇಕು ಎಂದಿತು. ಮರುದಿನ ಮತ್ತೆ ಬಸ್ಸು. ಹಣತೆ ಹಚ್ಚುವ ಹೊತ್ತಿಗೆ ಪರದೆ ಬಂತು, ಅಷ್ಟರಲ್ಲಿ ಹುಡುಗನ ಹಬ್ಬ ಮುಗಿದಿತ್ತು. ಅವನ ಮುಖ ನನಗೆ ಇವತ್ತಿಗೂ ನೆನಪಿದೆ.

ಹೊರಜಗತ್ತಿನಲ್ಲಿ ಗಾಳಿ ಆಗಲೇ ದಿಕ್ಕು ಬದಲಿಸಿತ್ತು. 2006ರಲ್ಲಿ ಎಟಿಐಯನ್ನು ಕೊಂಡ ಎಎಂಡಿ, ಮರುವರ್ಷವೇ ಕಾರ್ಡುಗಳ ತಾಂತ್ರಿಕ ದಾಖಲೆಗಳನ್ನು ಬಿಚ್ಚಿಡುತ್ತೇವೆ, ತೆರೆದ ಡ್ರೈವರಿಗೆ ನೆರವಾಗುತ್ತೇವೆ ಎಂದು ಘೋಷಿಸಿತ್ತು. ಅದರ ಫಲ ನಮ್ಮ ಅಂಗಡಿಯ ಮೇಜಿಗೆ ಬರಲು ಕೆಲವು ವರ್ಷ ಹಿಡಿಯಿತು. ಬಂದದ್ದು ಸೆಕೆಂಡ್‌ಹ್ಯಾಂಡ್ ರೇಡಿಯಾನ್ ಎಚ್‌ಡಿ 5450 ರೂಪದಲ್ಲಿ. ಅಂಗೈಯಗಲದ ಕಾರ್ಡು, ಫ್ಯಾನಿಲ್ಲ, ಮೇಲೊಂದು ಅಲ್ಯೂಮಿನಿಯಂ ಬಾಚಣಿಗೆ ಅಷ್ಟೆ. ಅಡಿಕೆ ಸಿಪ್ಪೆಯ ಧೂಳಿಗೆ ಫ್ಯಾನುಗಳು ಕಚ್ಚಿಕೊಳ್ಳುವ ನಮ್ಮ ಕಡೆಗೆ ಹೇಳಿ ಮಾಡಿಸಿದ್ದು. ಎಷ್ಟೇ ಆಡಿದರೂ ಸುಮಾರು 19 ವ್ಯಾಟ್. ಮಳೆಗಾಲದಲ್ಲಿ ಕರೆಂಟು ಹೋದರೆ ಸಣ್ಣ ಯುಪಿಎಸ್ಸೂ ತಡೆದುಕೊಳ್ಳುತ್ತಿತ್ತು. ಸ್ಲಾಟಿಗೆ ಸಿಕ್ಕಿಸಿ ಸ್ವಿಚ್ ಒತ್ತಿದೆ, ಪರದೆ ಬಂತು. ಡ್ರೈವರು ಹುಡುಕಲಿಲ್ಲ, ಬಸ್ಸು ಹತ್ತಲಿಲ್ಲ. ಕರ್ನಲ್ಲಿನಲ್ಲಿ, ಮೆಸಾ ಎಂಬ ತೆರೆದ ಗ್ರಾಫಿಕ್ಸ್ ತಂತ್ರಾಂಶದಲ್ಲಿ ಬೇಕಾದದ್ದೆಲ್ಲ ಮೊದಲೇ ಇತ್ತು.

ಇದೇ ಸರಣಿಯ ಕಾರ್ಡುಗಳಿಗೆ ಸ್ವತಃ ಎಎಂಡಿಯೇ ತನ್ನ ಮುಚ್ಚಿದ ಡ್ರೈವರಿನ ಬೆಂಬಲವನ್ನು 2015ರಲ್ಲಿ ನಿಲ್ಲಿಸಿತು. ಕಂಪನಿ ಕೈಬಿಟ್ಟರೂ ಕಾರ್ಡು ಸಾಯಲಿಲ್ಲ. ಗರ್ಟ್ ವೊಲ್ನಿ ಎಂಬ ಡೆವಲಪರ್ ಈ ಹಳೆಯ ಕಾರ್ಡುಗಳಿಗಾಗಿ ಬರೆದ ಹೊಸ ಶೇಡರ್ ಕಂಪೈಲರು (ಆಟದ ಚಿತ್ರಣದ ಆದೇಶಗಳನ್ನು ಕಾರ್ಡಿನ ಭಾಷೆಗೆ ತರುವ ಭಾಗ) 2020ರಲ್ಲಿ ಮೆಸಾಕ್ಕೆ ಸೇರಿತು. ಎನ್‌ವಿಡಿಯಾದ ಅದೇ ಕಾಲದ ಕಾರ್ಡುಗಳಿಗಿದ್ದ 340 ಸರಣಿಯ ಡ್ರೈವರಿನ ಬೆಂಬಲ 2019ರ ಕೊನೆಗೆ ಮುಗಿಯಿತು. ಅವುಗಳಿಗೆ ಉಳಿದ ಆಸರೆ ನೂವೊ, ಕಂಪನಿಯ ದಾಖಲೆಯಿಲ್ಲದೆ ಕಾರ್ಡನ್ನೇ ಕೆದಕಿ ಕೆದಕಿ ಒಂದಷ್ಟು ಜನ ಕಟ್ಟಿದ ಡ್ರೈವರು. ಆ ಶ್ರಮದ ಬಗ್ಗೆ ನನಗೆ ದೊಡ್ಡ ಗೌರವವಿದೆ. ಆದರೆ ವೇಗದಲ್ಲಿ ಕಂಪನಿಯ ಡ್ರೈವರಿಗೆ ಅದು ಸಮನಾಗಲಿಲ್ಲ.

ಈ ವರ್ಷಗಳಲ್ಲೇ ಉಳಿದದ್ದೂ ಬೇಗ ಬೇಗ ನಡೆಯಿತು. 2013ರಲ್ಲಿ ಲಿನಕ್ಸಿಗೆ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್, 2015ರಲ್ಲಿ ಕರ್ನಲ್ಲಿಗೆ ಎಎಂಡಿಯ ತೆರೆದ ಎಎಂಡಿಜಿಪಿಯು ಡ್ರೈವರು, 2018ರಲ್ಲಿ ವಿಂಡೋಸ್ ಆಟಗಳನ್ನು ಲಿನಕ್ಸಿನಲ್ಲೇ ಓಡಿಸುವ ಪ್ರೋಟಾನ್. 2022ರಲ್ಲಿ ಸ್ಟೀಮಿನ ಒಡೆಯ ವಾಲ್ವ್ ಕಂಪನಿ ಹೊರತಂದ ಸ್ಟೀಮ್ ಡೆಕ್ ಎಂಬ ಕೈಯಾಟಿಕೆಯ ಒಳಗೆ ಇರುವುದೂ ಎಎಂಡಿ ಚಿಪ್ಪು, ಲಿನಕ್ಸು. ಸ್ಟೀಮಿನ ಸಮೀಕ್ಷೆಯಲ್ಲಿ ಎಲ್ಲ ಆಟಗಾರರನ್ನೂ ಸೇರಿಸಿದರೆ ಎನ್‌ವಿಡಿಯಾ ಬಹಳ ಮುಂದಿದೆ. ಲಿನಕ್ಸಿನವರನ್ನಷ್ಟೇ ಎಣಿಸಿದರೆ ಮುಂದಿರುವುದು ಎಎಂಡಿ. ಎನ್‌ವಿಡಿಯಾ ಕೂಡ ಅದೇ 2022ರ ಮೇ ತಿಂಗಳಲ್ಲಿ ತನ್ನ ಡ್ರೈವರಿನ ಕರ್ನಲ್ ಭಾಗದ ಆಕರವನ್ನು ತೆರೆಯಿತು. ಪೂರ್ತಿ ತೆರೆದಿಲ್ಲ, ಆದರೂ ಹದಿನೈದು ವರ್ಷದ ಹಿಂದೆ ಯಾರಾದರೂ ಇಷ್ಟು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಈಗ ಶಿಕಾರಿಪುರದ ಕಡೆಯಿಂದಲೂ ಹುಡುಗರು ಫೋನ್ ಮಾಡುತ್ತಾರೆ. ಲಿನಕ್ಸಿಗೆ ಯಾವ ಕಾರ್ಡು ಎಂದರೆ, ತೆರೆದ ಡ್ರೈವರು ಇರುವುದನ್ನು ತಗೊಳ್ಳಿ ಎನ್ನುತ್ತೇನೆ. ಪಂಪ್‌ಸೆಟ್ ಕೆಟ್ಟರೆ ಊರಲ್ಲೇ ಬಿಚ್ಚಿ ರಿಪೇರಿ ಮಾಡಿಸಿದವರ ಮಕ್ಕಳಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ರೇಡಿಯಾನ್ ಕಾರ್ಡೊಂದು ಬಿದ್ದಿದ್ದರೆ ಗುಜರಿಯವನಿಗೆ ಕೊಡಬೇಡಿ. ಧೂಳು ಒರೆಸಿ, ಲಿನಕ್ಸ್ ಹಾಕಿದ ಯಾವುದಾದರೂ ಕಂಪ್ಯೂಟರಿಗೆ ಸಿಕ್ಕಿಸಿ ಒಮ್ಮೆ ಸ್ವಿಚ್ ಒತ್ತಿ ನೋಡಿ. ನನ್ನ 5450 ಈಗಲೂ ಅಂಗಡಿಯ ಹಿಂದಿನ ಮೇಜಿನ ಮೇಲೆ ಓಡುತ್ತಿದೆ.