ಹಿಮದ ಮಠ, ಮುದಿ ನಾಯಿ

ಸ್ವಿಟ್ಜರ್ಲೆಂಡ್ ಹಾಗೂ ಇಟಲಿಗಳ ಗಡಿಯಲ್ಲಿ, ಆಲ್ಪ್ಸ್ ಪರ್ವತದ 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಘಟ್ಟದ ನೆತ್ತಿಯಲ್ಲಿ ಕ್ರೈಸ್ತ ಮಠವೊಂದಿದೆ. ದಾರಿಗರಿಗೆ ಆಶ್ರಯವೀಯುವುದೇ ಹನ್ನೊಂದನೆಯ ಶತಮಾನದಿಂದ ಅದರ ವ್ರತ. ಚಳಿಗಾಲದಲ್ಲಿ ರಸ್ತೆಯು ತಿಂಗಳುಗಟ್ಟಲೆ ಹಿಮದಡಿ ಹುದುಗಿರುತ್ತದೆ.

ಈ ಮಠದ ನಾಯಿಗಳು ಲೋಕಪ್ರಸಿದ್ಧ. (ಅವುಗಳ ಕೊರಳಿಗೆ ಮದ್ಯದ ಪೀಪಾಯಿ ಕಟ್ಟಿದವರು ಚಿತ್ರಕಾರರು!) ಹಿಮದಲ್ಲಿ ಹೂತವರನ್ನು ಮೂಸಿ ಹುಡುಕುವುದು ಹಿಂದೆ ಅವುಗಳ ಕಾಯಕವಾಗಿತ್ತು. 1800ರಲ್ಲಿ ಹುಟ್ಟಿದ ಬ್ಯಾರಿ ಎಂಬ ನಾಯಿಯು ನಲವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತೆಂದು ಪ್ರತೀತಿ. ಕೊನೆಗೆ ಸಿಪಾಯಿಯೊಬ್ಬನು ತೋಳವೆಂದು ಭ್ರಮಿಸಿ ಅದನ್ನು ಕೊಂದನೆಂಬ ಕಥೆಯೂ ಬಹುಕಾಲ ಹಬ್ಬಿತ್ತು.

ನಡೆದುದು ಬೇರೆ. 1812ರಲ್ಲಿ, ಮುಪ್ಪಡರಿದ ಬ್ಯಾರಿಯನ್ನು ಮಠದ ಹಿರಿಯರು ಘಟ್ಟದಿಂದಿಳಿಸಿ ಬರ್ನ್ ನಗರಕ್ಕೆ ಕಳುಹಿಸಿದರು. ಅಲ್ಲಿ ಎರಡು ವರ್ಷ ವಿಶ್ರಾಂತಿ, 1814ರಲ್ಲಿ ಮರಣ. ದುಡಿದು ಬಸವಳಿದ ಮೂಕಪ್ರಾಣಿಗೂ ನಿವೃತ್ತಿ ಸಲ್ಲಬೇಕೆಂದು ಅವರಿಗೆ ತೋರಿದ್ದು ಸಿಪಾಯಿಯ ಕಥೆಗಿಂತ ಹಿರಿದು. ಆದರೆ ಹಿಮದ ವಾಸನೆಯಲ್ಲೇ ಬೆಳೆದ ಜೀವಕ್ಕೆ ನಗರದ ಬೆಚ್ಚನೆಯ ಮೂಲೆ ಹಿತವಾಯಿತೇ? ಹೇಳುವವರಾರು!

2005ರಿಂದ ನಾಯಿಗಳ ಸಾಕಣೆಯನ್ನು ಕೆಳಗಿನ ಮಾರ್ಟಿನಿ ಪಟ್ಟಣದ ಪ್ರತಿಷ್ಠಾನವೊಂದು ನೋಡಿಕೊಳ್ಳುತ್ತಿದೆ. ಬೇಸಿಗೆಯಲ್ಲಿ ಕೆಲವು ಮೇಲಕ್ಕೆ ಬರುತ್ತವೆ. ಚಳಿಗಾಲದಲ್ಲಿ ಬೊಗಳುವ ಸದ್ದಿಲ್ಲ. ಪ್ರಾರ್ಥನೆ ಮಾತ್ರ ನಡೆದೇ ಇದೆ. ಸ್ಕೀ ಕಟ್ಟಿಕೊಂಡು ಏರಿ ಬಂದವರಿಗೆ ಬಾಗಿಲೂ ತೆರೆಯುತ್ತದೆ.